ಎರಡು ಚಿಕ್ಕದು, ಒಂದು ಉದ್ದ: ಬೇಸ್ ಮಾಡೆಲ್ ಕಾರಿಗೆ ತಪ್ಪಾಗಿ ಬಂದ ಹೆಡ್‌ಲೈಟ್ ಸ್ವಾಗತವನ್ನು ಭಾನುವಾರದವರೆಗೆ ಉಳಿಸಿಕೊಡುವ ಕುರಿತು

ಇಂದ,
ಮನೆ ಸಂಖ್ಯೆ 204ರ ನಿವಾಸಿ,
ನೆಲಮಾಳಿಗೆಯ ಪಾರ್ಕಿಂಗ್ ಜಾಗ 17ರ ಹಕ್ಕುದಾರ,
ನೀರು ಸರಬರಾಜು ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಗುಮಾಸ್ತ.

ಗೆ,
ಮುಖ್ಯಸ್ಥರು,
ಹೆಡ್‌ಲೈಟ್ ವರ್ತನೆ ಮತ್ತು ದರ್ಜೆ ನಿಗದಿ ವಿಭಾಗ
(ಇಂಥ ವಿಭಾಗ ಇಲ್ಲದಿದ್ದಲ್ಲಿ, ಈ ಕಾಗದವನ್ನು ಯಾರ ಮೇಜಿನ ಮೇಲೆ ಇಟ್ಟು ಹೋಗುತ್ತಾರೋ ಅವರಿಗೆ),
ನಾನು ಕೊಂಡ ಎಲೆಕ್ಟ್ರಿಕ್ ಕಾರಿನ ಕಂಪನಿ.

ವಿಷಯ: ನನ್ನ ಬೇಸ್ ಮಾಡೆಲ್ ಕಾರಿನ ಹೆಡ್‌ಲೈಟನ್ನು ಶನಿವಾರ ಸಂಜೆ ನಾಲ್ಕಕ್ಕೆ ಸರಿಪಡಿಸದೆ, ಹಾಳಾಗಿಯೇ ಇರಲು ಬಿಡುವಂತೆ ಕೋರಿ.

ಉಲ್ಲೇಖ: 1) ಸೋಮವಾರ ನನ್ನ ಮೊಬೈಲಿಗೆ ಬಂದ ತಮ್ಮ ಸಂದೇಶ. 2) ಅದೇ ಸಂದೇಶ ಕಾರಿನ ಪರದೆಯ ಮೇಲೆ, ನಾನು ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ‘ಸರಿ’ ಎಂಬ ಒಂದೇ ಗುಂಡಿಯೊಂದಿಗೆ ಬಂದದ್ದು. ‘ಬೇಡ’ ಎಂಬ ಗುಂಡಿ ಇರಲಿಲ್ಲ. ಆ ಗುಂಡಿಯ ಬದಲಾಗಿ ಈ ಅರ್ಜಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ,

1. ನಾನು ತಮ್ಮ ಕಾರನ್ನು ಹದಿನಾಲ್ಕು ತಿಂಗಳ ಹಿಂದೆ ಕೊಂಡೆ. ಕೊಳ್ಳುವ ಮೊದಲು ಹದಿನಾರು ತಿಂಗಳು ತಮ್ಮ ದರ್ಜೆಗಳ ಪಟ್ಟಿಯನ್ನು ಮೊಬೈಲಿನಲ್ಲಿ ಓದಿದೆ. ಬೇಸ್, ಮಿಡ್, ಟಾಪ್ ಎಂದು ಮೂರು ಸಾಲು. ಇದ್ದರೆ ಸರಿ ಗುರುತು, ಇಲ್ಲದಿದ್ದರೆ ಒಂದು ಅಡ್ಡ ಗೆರೆ. ಹೆಡ್‌ಲೈಟ್ ಎಂಬ ಶೀರ್ಷಿಕೆಯ ಕೆಳಗೆ ಬೇಸ್ ಸಾಲಿನಲ್ಲಿ ಬರೀ ಅಡ್ಡ ಗೆರೆಗಳಿದ್ದುದರಿಂದ, ಶೋರೂಮಿನಲ್ಲಿ ಕಾರು ಮಾರುವಾಕೆಯನ್ನು ಖಚಿತಪಡಿಸಿಕೊಳ್ಳಲು ಕೇಳಿದೆ.

“ಬೇಸ್‌ನಲ್ಲಿ ಹೆಡ್‌ಲೈಟ್ ಇದೆ ತಾನೇ?”

“ಇದೆ ಸಾರ್. ಆದ್ರೆ ತಾನಾಗಿ ಏನೂ ಮಾಡಲ್ಲ. ನೀವು ಹಾಕಿದ್ರೆ ಉರಿಯುತ್ತೆ, ಆರಿಸಿದ್ರೆ ಆರುತ್ತೆ.”

“ಟಾಪ್‌ನಲ್ಲಿ?”

“ಅದಕ್ಕೇ ಎಲ್ಲಾ ಗೊತ್ತಾಗುತ್ತೆ ಸಾರ್. ಎದುರಿಗೆ ಗಾಡಿ ಬಂದ್ರೆ ಆ ಗಾಡಿ ಇರೋಷ್ಟೇ ಜಾಗಕ್ಕೆ ಬೆಳಕು ತಗ್ಗಿಸುತ್ತೆ. ತಿರುವಲ್ಲಿ ನಿಮಗಿಂತ ಮುಂಚೆ ತಿರುಗುತ್ತೆ. ಕೀ ಒತ್ತಿದ್ರೆ ನಿಮಗೆ ಸ್ವಾಗತ ಮಾಡುತ್ತೆ.”

“ನನ್ನ ಕಾರು ನನಗೇ ಯಾಕಮ್ಮ ಸ್ವಾಗತ ಮಾಡಬೇಕು?”

“ಮನೇಲಿ ಮಾಡ್ತಾರಾ ಸಾರ್?”

ನಾನು ಬೇಸ್ ತೆಗೆದುಕೊಂಡೆ.

2. ಬೇಸ್ ಮಾಡೆಲಿನ ಡ್ಯಾಶ್‌ಬೋರ್ಡಿನಲ್ಲಿ ಐದು ಖಾಲಿ ಗುಂಡಿಗಳಿವೆ. ಒತ್ತಿದರೆ ಒಳಗೆ ಹೋಗುವುದಿಲ್ಲ. ಮೇಲಿನ ದರ್ಜೆಯವರಿಗೆ ಏನೇನಿದೆ ಎಂದು ಕೆಳಗಿನ ದರ್ಜೆಯವರು ದಿನಾ ಬೆರಳಿನಲ್ಲಿ ಮುಟ್ಟಿ ತಿಳಿದುಕೊಳ್ಳಲಿ ಎಂದು ಇಟ್ಟಿರಬಹುದು. ಇದರ ಬಗ್ಗೆ ನನ್ನದು ದೂರಿಲ್ಲ. ಕಡತದಲ್ಲಿರಲಿ ಎಂದು ಬರೆದೆ.

3. ಐದು ವಾರಗಳ ಹಿಂದಿನ ಒಂದು ಮಂಗಳವಾರ ನಸುಕಿನಲ್ಲಿ ತಮ್ಮ ಕಂಪನಿ ಒಂದು ಅಪ್‌ಡೇಟ್ ಕಳುಹಿಸಿತು. ತಮ್ಮವರ ಕೈತಪ್ಪಿನಿಂದ ಅದರೊಳಗೆ ಟಾಪ್ ಮಾಡೆಲಿನ ಹೆಡ್‌ಲೈಟ್ ತಂತ್ರಾಂಶ ಸೇರಿತ್ತು. ಇದು ಹೇಗೆ ಸಾಧ್ಯ ಎಂದು ಸರ್ವಿಸ್ ಸೆಂಟರಿನ ಮೆಕ್ಯಾನಿಕ್‌ನನ್ನು ಕೇಳಿದ್ದಕ್ಕೆ ಅವನು ಆಚೀಚೆ ನೋಡಿ, ದನಿ ತಗ್ಗಿಸಿ, “ದೀಪ ಎಲ್ಲದರಲ್ಲೂ ಒಂದೇ ಸಾರ್. ಬೇಸ್‌ನಲ್ಲಿ ಬೀಗ ಹಾಕಿರ್ತಾರೆ, ಅಷ್ಟೇ,” ಎಂದ. ಅಂದರೆ ಸ್ವಾಗತ ಮಾಡುವ ಸಾಮರ್ಥ್ಯ ಮೊದಲ ದಿನದಿಂದ ನನ್ನ ಕಾರಿನ ಒಳಗಿತ್ತು, ಮಾಡಲು ಬಿಟ್ಟಿರಲಿಲ್ಲ ಎಂದಾಯಿತು. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಅಲ್ಲೇ ಟೈರುಗಳ ಮೇಲೆ ಕುಳಿತೆ. ಕಾರಣ ಮುಂದಿನ ಕಲಂಗಳಲ್ಲಿದೆ.

4. ನನ್ನ ಪಾರ್ಕಿಂಗ್ ಜಾಗ 17ಕ್ಕೆ ಎದುರಾಗಿ, ನಡುವೆ ಒಂದು ಕಂಬ ಬಿಟ್ಟು, ಜಾಗ 18 ಇದೆ. ಅಲ್ಲಿ ನಿಲ್ಲುವ ಹಳೆಯ ಡೀಸೆಲ್ ವ್ಯಾನು ನನ್ನ ಸ್ವಂತ ಅಣ್ಣನದು. ಅವನು ಕಿಟಕಿ, ಶೋಕೇಸ್‌ಗಳಿಗೆ ಗಾಜು ಹಾಕುವ ಕೆಲಸದವನು. ಇಡೀ ಕಟ್ಟಡ ಅವನನ್ನು ಗಾಜಣ್ಣ ಎನ್ನುತ್ತದೆ. ಇದೇ ಕಟ್ಟಡದ ನೆಲಮಹಡಿಯಲ್ಲಿ ಅವನ ಮನೆ. ಅವನ ಅಡುಗೆಮನೆಯ ಕಿಟಕಿ ಗೇಟಿನಿಂದ ಬರುವ ದಾರಿಗೆ ನೇರವಾಗಿದೆ. ನಾವಿಬ್ಬರೂ ಎರಡೂವರೆ ವರ್ಷದಿಂದ ಮಾತು ಬಿಟ್ಟಿದ್ದೇವೆ.

5. ಮಾತು ಬಿಟ್ಟ ಸಂದರ್ಭ. ಅಂದು ಅಣ್ಣ ಹನ್ನೆರಡು ದೊಡ್ಡ ಗಾಜುಗಳನ್ನು ಹೊತ್ತ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದ. ಹಿಂದೆ ನಿಂತು “ಬರ್ಲಿ, ಬರ್ಲಿ, ಲೆಫ್ಟ್ ಹೊಡಿ, ಬರ್ಲಿ” ಎಂದು ಹೇಳುತ್ತಿದ್ದವನು ನಾನು. ವ್ಯಾನು ಕಂಬಕ್ಕೆ ಬಡಿಯಿತು. ಹನ್ನೆರಡು ಗಾಜುಗಳು ಒಂದಾದ ಮೇಲೊಂದು, ಯಾವ ಆತುರವೂ ಇಲ್ಲದೆ, ಒಡೆದವು.

“ಬರ್ಲಿ ಅಂದ್ಯಲ್ಲೋ ನೀನು!” ಎಂದು ಅಣ್ಣ ಇಳಿದು ಬಂದ.

“ಸಾಕು ಅಂದೆ. ಎರಡು ಸಲ ಅಂದೆ. ನಿನಗೆ ಕಿವಿ ಕೇಳಿಸಲ್ಲ.”

“ನನಗೆ ಕಿವಿ ಕೇಳಿಸಲ್ವಾ?”

“ಮೂವತ್ತು ವರ್ಷ ಗಾಜು ಕೊಯ್ದಿದೀಯ. ಎಲ್ಲಿಂದ ಕೇಳಿಸಬೇಕು?”

ಇದನ್ನು ನಾನು ವಾಚ್‌ಮನ್, ನನ್ನ ಹೆಂಡತಿ, ಅತ್ತಿಗೆ ಮತ್ತು ಮೂರನೇ ಮಹಡಿಯ ದಂತವೈದ್ಯರ ಸಮಕ್ಷಮ ಹೇಳಿದೆ. ಒಂದು ವಾರದ ನಂತರ ಅಣ್ಣ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ‘ಎರಡೂ ಕಿವಿ ಸರಿಯಾಗಿವೆ’ ಎಂಬ ಪ್ರಮಾಣಪತ್ರ ತಂದು ನನ್ನ ಮನೆಯ ಬಾಗಿಲಿಗೆ ಅಂಟಿಸಿದ. ಗಾಜಿಗೆ ಹಾಕುವ ಗಮ್ಮಿನಿಂದ ಅಂಟಿಸಿದ್ದರಿಂದ ಅದು ಇಂದಿನವರೆಗೂ ಕಿತ್ತು ಬಂದಿಲ್ಲ. ನಮ್ಮ ಮನೆಗೆ ಬರುವ ಪ್ರತಿಯೊಬ್ಬರೂ ಬೆಲ್ ಒತ್ತಿ, ಬಾಗಿಲು ತೆರೆಯುವವರೆಗೆ ಅದನ್ನು ಓದುತ್ತಾರೆ.

6. ಇನ್ನು ದೀಪದ ವಿಷಯ. ನಮ್ಮಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು. ಸಂಜೆ ಬೀದಿಯ ತಿರುವಿಗೆ ಬರುತ್ತಿದ್ದಂತೆ ಹೆಡ್‌ಲೈಟನ್ನು ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹೊಡೆಯುತ್ತಿದ್ದರು. ‘ಬಂದೆ, ತಟ್ಟೆ ಹಾಕು’ ಎಂದು ಅದರರ್ಥ. ಅಮ್ಮ ಅಡುಗೆಮನೆಯಲ್ಲಿ ನೋಡಿ ತಟ್ಟೆ ಹಾಕುತ್ತಿದ್ದಳು. ಇದನ್ನು ಕಣ್ಣಾರೆ ಕಂಡವರು ಈಗ ಜಗತ್ತಿನಲ್ಲಿ ಇಬ್ಬರೇ: ನಾನು ಮತ್ತು ಅಣ್ಣ. ತಮ್ಮ ಕಂಪನಿಗೂ ನಮ್ಮಪ್ಪನಿಗೂ ಪರಿಚಯವಿರಲು ಸಾಧ್ಯವಿಲ್ಲ. ಆದರೂ ತಮ್ಮ ಟಾಪ್ ಮಾಡೆಲಿನ ಸ್ವಾಗತ ದೀಪ ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹೊಡೆಯುತ್ತದೆ. ಬಾಗಿಲು ತೆರೆದಾಗಲೂ ಹೊಡೆಯುತ್ತದೆ, ಮುಚ್ಚಿದಾಗಲೂ ಹೊಡೆಯುತ್ತದೆ. ಇದನ್ನು ಆರಿಸುವ ಗುಂಡಿ ಆ ಐದು ಖಾಲಿ ಗುಂಡಿಗಳಲ್ಲಿ ಒಂದಾಗಿರುವುದರಿಂದ, ಆರಿಸುವ ದಾರಿಯೂ ನನಗಿರಲಿಲ್ಲ.

7. ಸದರಿ ಮಂಗಳವಾರ ಬೆಳಗ್ಗೆ 8.10ಕ್ಕೆ ನಾನು ನೆಲಮಾಳಿಗೆಗೆ ಇಳಿದು ಕೀ ಒತ್ತಿದೆ. ಎದುರಿಗೆ ಅಣ್ಣ ಗಾಜೊಂದನ್ನು ಅಪ್ಪಿ ಹಿಡಿದು ವ್ಯಾನಿಗೆ ಏರಿಸುತ್ತಿದ್ದ. ಬೆಳಕು ಅವನ ಮುಖಕ್ಕೆ ಬಿತ್ತು: ಎರಡು ಚಿಕ್ಕದು, ಒಂದು ಉದ್ದ. ಅವನು ಗಾಜನ್ನು ಕೆಳಗಿಟ್ಟ. ನಾನು ಅವನಿಗಿಂತ ಹೆಚ್ಚು ಗಾಬರಿಯಾಗಿ, ಬೂಟಿನ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿದೆ. ಅಂದು ನಾನು ಹಾಕಿದ್ದದ್ದು ಚಪ್ಪಲಿ.

ಬುಧವಾರವೂ ಹಾಗೇ ಆಯಿತು. ಗುರುವಾರವೂ. ಶುಕ್ರವಾರ ವ್ಯಾನಿನ ದೀಪ ಉತ್ತರ ಕೊಟ್ಟಿತು: ಎರಡು ಚಿಕ್ಕದು, ಒಂದು ಉದ್ದ.

ಇಲ್ಲಿ ತಾವು ಗಮನಿಸಬೇಕಾದ ತಾಂತ್ರಿಕ ಅಂಶವೊಂದಿದೆ. ಅಣ್ಣನ ವ್ಯಾನಿನಲ್ಲಿ ತಾನಾಗಿ ಆಗುವುದು ಯಾವುದೂ ಇಲ್ಲ. ಸ್ಟೀರಿಂಗ್ ಪಕ್ಕದ ಡಿಪ್ಪರ್ ಕಡ್ಡಿಯ ಸ್ಪ್ರಿಂಗ್ ಹೋಗಿ ನಾಲ್ಕು ವರ್ಷವಾಯಿತು. ಎಳೆದರೆ ಅಲ್ಲೇ ನಿಲ್ಲುತ್ತದೆ, ಕೈಯಿಂದಲೇ ವಾಪಸ್ ತಳ್ಳಬೇಕು. ಅಂದರೆ ಅವನು ನನಗೆ ಒಂದು ಉತ್ತರ ಕೊಡಲು ಮೂರು ಸಲ ಎಳೆದು ಮೂರು ಸಲ ತಳ್ಳಬೇಕು. ಅವನು ದಿನಾ ಆರು ಸಲ ಕೈ ಆಡಿಸಿದ್ದಾನೆ. ನಾನು ಕೀ ಒತ್ತಿ ಸುಮ್ಮನೆ ನಿಂತಿದ್ದೇನೆ.

8. ಮೂರನೇ ವಾರ ಇನ್ನೊಂದು ಘಟನೆ. ನಾನು ನೆಲಮಾಳಿಗೆಯ ಇಳಿಜಾರಿನಲ್ಲಿ ಬರುತ್ತಿದ್ದೆ. ಅಲ್ಲಿ ಬಲ್ಬು ಹೋಗಿ ಕತ್ತಲು. ಎದುರಿಗೆ ಅಣ್ಣ ಆಳೆತ್ತರದ ಕನ್ನಡಿಯೊಂದನ್ನು ಹೊತ್ತು ಅಡ್ಡ ಬಂದ. ನನ್ನ ಕಾರಿನ ಹೆಡ್‌ಲೈಟು ಕನ್ನಡಿಯಲ್ಲಿ ತನ್ನದೇ ಬೆಳಕನ್ನು ಕಂಡು, ಎದುರಿನಿಂದ ಯಾವುದೋ ಗಾಡಿ ಬರುತ್ತಿದೆ ಎಂದುಕೊಂಡು ವಿನಯದಿಂದ ತಗ್ಗಿತು. ಕನ್ನಡಿಯೊಳಗಿನ ಗಾಡಿಯೂ ತಗ್ಗಿತು. ದಾರಿ ಖಾಲಿಯಾಯಿತೆಂದು ಮತ್ತೆ ಏರಿತು. ಅದೂ ಏರಿತು. ಹೀಗೆ ನನ್ನ ಕಾರು ತನಗೆ ತಾನೇ ಐದಾರು ಸಲ ದಾರಿ ಬಿಟ್ಟುಕೊಟ್ಟಿತು.

ಕನ್ನಡಿಯ ಹಿಂದಿನಿಂದ ನಗು ಕೇಳಿಸಿತು. ಅಣ್ಣ ನಗುವಾಗ ಮೊದಲು ಭುಜ ನಗುತ್ತದೆ, ಆಮೇಲೆ ಬಾಯಿ. ಕನ್ನಡಿ ಅಲುಗಿದ್ದರಿಂದ ಭುಜ ಶುರುವಾದದ್ದು ನನಗೆ ಮೊದಲೇ ಗೊತ್ತಾಗಿತ್ತು.

“ಮರ್ಯಾದಸ್ಥ ಗಾಡಿ,” ಎಂದ. ನನಗಲ್ಲ, ಕನ್ನಡಿಗೆ. ಎರಡೂವರೆ ವರ್ಷದಲ್ಲಿ ನನ್ನ ಕಿವಿಗೆ ಬೀಳುವಂತೆ ಅವನು ಆಡಿದ ಮೊದಲ ಮಾತು ಇದು.

9. ಅದರ ಮರುದಿನ ಅತ್ತಿಗೆ ಒಂದು ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಬಾಗಿಲಿನ ಪ್ರಮಾಣಪತ್ರವನ್ನು ಅವರೂ ಓದಿದರು.

“ತಗೋ. ನಿಮ್ಮಣ್ಣ ಕಳಿಸಿದ್ದು.”

“ಏನಿದು ಅತ್ತಿಗೆ?”

“ಊಟ. ಮೂರು ವಾರದಿಂದ ದಿನಾ ಬೆಳಗ್ಗೆ ಕೇಳ್ತಿದೀಯಂತಲ್ಲ. ‘ಪಾಪ, ಬಾಯಿ ಬಿಟ್ಟು ಹೇಳೋಕೆ ನಾಚಿಕೆ, ದೀಪದಲ್ಲಿ ಹೇಳ್ತಿದಾನೆ ಕಣೇ’ ಅಂತ ಒಂದೇ ಸಮ.”

ನನ್ನ ಹೆಂಡತಿ ಒಳಗಿನಿಂದ ಬಂದಳು. “ಯಾರು ಊಟ ಕೇಳಿದ್ದು?”

“ನಿನ್ನ ಗಂಡ.”

“ನನ್ನ ಅಡುಗೆ ಸಾಲದು ಅಂತ ಅಣ್ಣನ ಮನೆ ಕಡೆ ದೀಪ ಹಾಕ್ತಿದೀರೇನ್ರೀ? ಅದೂ ಬೆಳಗ್ಗೆ ತಿಂಡಿ ತಿಂದು ಕೈ ತೊಳೆದುಕೊಂಡು ಹೋಗಿ?”

ನಿಜ ಹೇಳಿದರೆ ಅಣ್ಣನ ಡಬ್ಬಿ ವಾಪಸ್ ಹೋಗುತ್ತದೆ, ಹೇಳದಿದ್ದರೆ ಹೆಂಡತಿಯ ಮುಖ ಗಂಟಾಗುತ್ತದೆ. ನಾನು ಕಚೇರಿಯಲ್ಲಿ ಮಾಡುವುದನ್ನೇ ಮಾಡಿದೆ: “ಪರಿಶೀಲಿಸೋಣ,” ಎಂದೆ. ಹೆಂಡತಿ ಅಂದಿನಿಂದ ನನಗೆ ಮೊದಲು ಬಡಿಸಿ, “ಇನ್ನೂ ಹಸಿವಿದ್ರೆ ಟಾರ್ಚ್ ತರ್ಲಾ?” ಎಂದು ಕೇಳುತ್ತಿದ್ದಾಳೆ.

ಕಳೆದ ಭಾನುವಾರ ಅತ್ತಿಗೆ ಮತ್ತೆ ಬಂದು ಆಹ್ವಾನ ಕೊಟ್ಟರು. ಬರುವ ಭಾನುವಾರ ಮಧ್ಯಾಹ್ನ ಒಂದಕ್ಕೆ ನಾವಿಬ್ಬರೂ ಅವರ ಮನೆಗೆ ಊಟಕ್ಕೆ ಹೋಗಬೇಕು. ಮೆಟ್ಟಿಲಿಳಿದು ಹೋಗುವಂತಿಲ್ಲ. ಕಾರನ್ನು ಗೇಟಿನ ಹೊರಗಿನಿಂದ ತಂದು, ಅಡುಗೆಮನೆಯ ಕಿಟಕಿಗೆ ಎದುರಾಗಿ ನಿಲ್ಲಿಸಿ ದೀಪ ಹೊಡೆಯಬೇಕು. ಹನ್ನೊಂದು ವರ್ಷದ ಅಣ್ಣನ ಮಗಳು ಕಿಟಕಿಯಲ್ಲಿ ನಿಂತಿರುತ್ತಾಳೆ. ದೀಪ ಕಂಡ ಮೇಲೆ ತಟ್ಟೆ. ತಾತ ಹೇಗೆ ಮನೆಗೆ ಬರುತ್ತಿದ್ದರು ಎಂದು ಅವಳಿಗೆ ಅಣ್ಣ ಹೇಳಿ ಮುಗಿಸಿದ್ದಾನೆ. ಅದನ್ನು ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಆಹ್ವಾನದ ಮರುದಿನ, ಅಂದರೆ ಸೋಮವಾರ, ತಮ್ಮ ಸಂದೇಶ ಬಂತು. ‘ತಮ್ಮ ವಾಹನಕ್ಕೆ ಅರ್ಹತೆಗೆ ಮೀರಿದ ದೀಪ ಸೌಲಭ್ಯ ತಪ್ಪಾಗಿ ದೊರೆತಿದೆ. ಶನಿವಾರ ಸಂಜೆ ನಾಲ್ಕಕ್ಕೆ ಸರಿಪಡಿಸಲಾಗುವುದು. ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಅರ್ಹತೆಗೆ ಮೀರಿದ ಎಂಬ ಮಾತು ನನಗೆ ನೋವುಂಟುಮಾಡಿತು. ಸುಳ್ಳು ಎಂದಲ್ಲ.

ಆದ್ದರಿಂದ ಸರ್ವಿಸ್ ಸೆಂಟರಿಗೆ ಓಡಿ ಹೋಗಿ ಅದೇ ಮೆಕ್ಯಾನಿಕ್‌ನ ಬಳಿ ದೀಪದ ಮತ್ತು ಭಾನುವಾರದ ಊಟದ ಕಷ್ಟ ತೋಡಿಕೊಂಡೆ. ಅವನು ಕೈಯೊರೆಸಿಕೊಳ್ಳುತ್ತ ಕೇಳಿದ.

“ಇದಕ್ಕೆ ಸ್ವಾಗತ ದೀಪ ಯಾಕೆ ಸಾರ್? ಕೈಯಲ್ಲೇ ಹೊಡೀಬಹುದಲ್ಲ. ಡಿಪ್ಪರ್ ಬೇಸ್‌ನಲ್ಲೂ ಇದೆ.”

“ಕೈಯಲ್ಲಿ ಹೊಡೆದ್ರೆ ನಾನು ಹೊಡೆದ ಹಾಗಾಗುತ್ತಲ್ಲಪ್ಪ.”

“ಈಗ ಯಾರು ಹೊಡೆದ ಹಾಗಾಗ್ತಿದೆ?”

“ಕಂಪನಿ.”

ಅವನು ನನ್ನನ್ನು ನೋಡಿದ ರೀತಿಯ ಬಗ್ಗೆ ನಾನು ಬೇರೆ ದೂರು ಸಲ್ಲಿಸುವುದಿಲ್ಲ.

10. ನಾನು ಹತ್ತೊಂಬತ್ತು ವರ್ಷದಿಂದ ಅರ್ಜಿಗಳನ್ನು ಸ್ವೀಕರಿಸುತ್ತಿದ್ದೇನೆ. ನಾಲ್ಕನೇ ಕಲಂ ದಾಟಿ ಯಾರೂ ಓದುವುದಿಲ್ಲ ಎಂಬುದು ನನ್ನ ಅನುಭವ; ನಾನಂತೂ ಓದಿಲ್ಲ. ಆ ಧೈರ್ಯದ ಮೇಲೆ ಈ ಕೆಳಗಿನದನ್ನು ಬರೆಯುತ್ತಿದ್ದೇನೆ.

ನಾನು ‘ಸಾಕು’ ಎನ್ನಲಿಲ್ಲ. ಎರಡು ಸಲ ಅಲ್ಲ, ಒಂದು ಸಲವೂ ಎನ್ನಲಿಲ್ಲ. ವ್ಯಾನು ಹಿಂದಕ್ಕೆ ಬರುತ್ತಿದ್ದಾಗ ನಾನು ಮೊಬೈಲಿನಲ್ಲಿ ತಮ್ಮ ದರ್ಜೆಗಳ ಪಟ್ಟಿಯನ್ನು ನೋಡುತ್ತಿದ್ದೆ. ಮಿಡ್ ಮಾಡೆಲಿನಲ್ಲಿ ಹೆಡ್‌ಲೈಟು ತಾನಾಗಿ ತಗ್ಗುತ್ತದೋ ಇಲ್ಲವೋ ಎಂಬ ಸಾಲಿನ ಮೇಲೆ ಬೆರಳಿತ್ತು. ಬಾಯಿ ಮಾತ್ರ ‘ಬರ್ಲಿ, ಬರ್ಲಿ’ ಎನ್ನುತ್ತಿತ್ತು. ಗಾಜು ಒಡೆದ ಮೇಲೂ ಒಂದು ಸಲ ‘ಬರ್ಲಿ’ ಎಂದೆ ಎಂದು ನೆನಪು. ಅಣ್ಣನ ಕಿವಿ ಸರಿಯಾಗಿಯೇ ಇತ್ತು. ಅದು ನನಗೆ ಆಸ್ಪತ್ರೆಯವರಿಗಿಂತ ಒಂದು ವಾರ ಮೊದಲೇ ಗೊತ್ತಿತ್ತು.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಮೊನ್ನೆ ಬುಧವಾರ ಕಾರಿನಲ್ಲಿ ಕುಳಿತು ಡಿಪ್ಪರ್ ಕಡ್ಡಿಯನ್ನು ಕೈಯಲ್ಲಿ ಎಳೆದು ನೋಡಿದೆ. ಎರಡು ಚಿಕ್ಕದು ಹೊಡೆದೆ. ಉದ್ದದ್ದು ಬರಲಿಲ್ಲ; ಕೈ ಬಿಟ್ಟುಬಿಟ್ಟೆ. ಕೈಯಲ್ಲಿ ಹೊಡೆದು ಅವನ ಮನೆಯಲ್ಲಿ ಊಟಕ್ಕೆ ಕೂತರೆ, ತಟ್ಟೆಯ ಮುಂದೆ ಈ ಮಾತನ್ನೂ ಆಡಬೇಕಾಗುತ್ತದೆ. ಕಾರು ಹೊಡೆದರೆ ಆಡಬೇಕಾಗಿಲ್ಲ. ಇದಿಷ್ಟೇ ನನ್ನ ಲೆಕ್ಕಾಚಾರವಾಗಿತ್ತು. ಶನಿವಾರ ತಾವು ದೀಪ ಕಿತ್ತುಕೊಂಡರೆ, ಭಾನುವಾರ ಕಾರು ಕಿಟಕಿಯೆದುರು ಕುರುಡಾಗಿ ನಿಂತರೆ, ‘ನನ್ನ ತಮ್ಮ ಮತ್ತೆ ಮಾತು ಬಿಟ್ಟ’ ಎಂದು ಅಣ್ಣ ತಿಳಿಯುತ್ತಾನೆ. ಆಮೇಲೆ ಅವನು ಮತ್ತೊಂದು ಸಲ ಕಡ್ಡಿ ಎಳೆಯುವವನಲ್ಲ. ನನಗೆ ಅವನನ್ನು ಗೊತ್ತು.

11. ಈ ಕಾರಣ, ಆ ಕಾರಣ ಹಾಗೂ ಮೇಲಿನ ಎಲ್ಲ ಕಾರಣಗಳಿಂದ, ಸ್ವಾಗತ ದೀಪವನ್ನು ಭಾನುವಾರ ಮಧ್ಯಾಹ್ನದವರೆಗೆ ಉಳಿಸಿಕೊಡಿ ಎಂದು ಕೇಳಲು ಈ ಅರ್ಜಿ ಶುರು ಮಾಡಿದ್ದೆ. ಆದರೆ ಕಲಂ 10 ಬರೆದು ಮುಗಿಸಿದ ಮೇಲೆ ಕೋರಿಕೆ ಬದಲಾಗಿದೆ. ವಿಷಯದ ಸಾಲನ್ನು ತಿದ್ದುವಂತಿಲ್ಲ. ತಿದ್ದಿದ ಅರ್ಜಿಯನ್ನು ನಾನೇ ಎಷ್ಟೋ ಜನರಿಗೆ ವಾಪಸ್ ಕೊಟ್ಟಿದ್ದೇನೆ. ಹೊಸ ಹಾಳೆ ತೆಗೆದುಕೊಂಡರೆ ಕಲಂ 10ನ್ನು ಇನ್ನೊಮ್ಮೆ ಬರೆಯಬೇಕು, ಅದು ನನ್ನಿಂದಾಗದು. ಆದ್ದರಿಂದ ವಿಷಯ ಒಂದು, ಕೋರಿಕೆ ಇನ್ನೊಂದು ಇರುವ ಈ ಅರ್ಜಿಯನ್ನು ಹಾಗೆಯೇ ಸ್ವೀಕರಿಸಬೇಕು.

ಬದಲಾದ ಕೋರಿಕೆ: ಶನಿವಾರ ನಾಲ್ಕಕ್ಕೆ ತಾವು ಹೇಳಿದಂತೆಯೇ ದೀಪವನ್ನು ಸರಿಪಡಿಸಿ. ಬೀಗ ಹಾಕಿ. ಭಾನುವಾರ ಒಂದಕ್ಕೆ ಡಿಪ್ಪರ್ ಕಡ್ಡಿಯನ್ನು ನಾನೇ ಎಳೆಯುತ್ತೇನೆ. ಉದ್ದದ್ದನ್ನೂ ಎಳೆಯುತ್ತೇನೆ. ತಮ್ಮಿಂದ ಬೇಕಾದದ್ದು ಇಷ್ಟೇ: ಅಪ್‌ಡೇಟ್ ನಡೆಯುವಾಗ ತಮ್ಮ ಕಾರು ನಲವತ್ತು ನಿಮಿಷ ಯಾವ ದೀಪವನ್ನೂ ಹಾಕುವುದಿಲ್ಲ, ಬಾಗಿಲನ್ನೂ ತೆಗೆಯುವುದಿಲ್ಲ. ಆದ ಕಾರಣ ಭಾನುವಾರ ಹನ್ನೆರಡೂವರೆಯಿಂದ ಒಂದೂವರೆಯ ನಡುವೆ, ಜಗತ್ತಿನಲ್ಲಿ ಏನೇ ತಪ್ಪು ಕಂಡುಬಂದರೂ, ನನ್ನ ಕಾರಿನಲ್ಲಿ ಅದನ್ನು ಸರಿಪಡಿಸಬಾರದಾಗಿ ವಿನಂತಿ.

ಶನಿವಾರ ಸಂಜೆ ನಾಲ್ಕರವರೆಗೆ ಟಾಪ್, ತದನಂತರ ಬೇಸ್ ಆಗಿರುವ,
ತಮ್ಮ ವಿಶ್ವಾಸಿ,
(ಸಹಿ)
ಶುಕ್ರವಾರ, ಕಚೇರಿ ಸಮಯದಲ್ಲಿ, ಕಚೇರಿಯ ಹಾಳೆಯಲ್ಲಿ.

ಲಗತ್ತುಗಳು:
ಅ) ತಮ್ಮ ಸಂದೇಶದ ಪ್ರತಿ.
ಆ) ನಮ್ಮ ಮನೆ ಬಾಗಿಲಿನ ಫೋಟೋ. ಮೂಲ ಪ್ರಮಾಣಪತ್ರ ಬೇಕೆಂದರೆ ಬಾಗಿಲನ್ನೇ ಕಳುಹಿಸಬೇಕಾಗುತ್ತದೆ.
ಇ) ಮೆಕ್ಯಾನಿಕ್‌ನ ಹೇಳಿಕೆ. ಅವನು ಬರೆದುಕೊಡಲು ಒಪ್ಪಲಿಲ್ಲ. ಆದ ಕಾರಣ ಲಗತ್ತಿಸಿಲ್ಲ.

ಪ್ರತಿ: ಪಾರ್ಕಿಂಗ್ ಜಾಗ 18ರ ವ್ಯಾನಿನ ವೈಪರ್ ಕೆಳಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ. ಅಣ್ಣ, ಮೊದಲ ಹಾಳೆಗಳನ್ನು ಬಿಡು, ಕಲಂ 10 ಓದು. ಓದಿದ ಮೇಲೆ ಭಾನುವಾರ ಎಷ್ಟು ತಟ್ಟೆ ಎಂಬುದನ್ನು ನೀನೇ ತೀರ್ಮಾನಿಸಿ ಅತ್ತಿಗೆಗೆ ತಿಳಿಸತಕ್ಕದ್ದು.